ಕೂಸಿಗೆ ‘ರೀ’ ಹಚ್ಚುವ ಮೈದುನ

ನಮ್ಮ ಮೈದುನನಂಥ ಕೆಲಸಗೇಡಿ ಗಂಡಸು ಈ ಪುಣೆಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಸಿಕ್ಕರೆ ತಂದು ತೋರಿಸಿ, ಅವತ್ತಿನಿಂದ ರೊಟ್ಟಿ ಬಡಿಯುವುದನ್ನೇ ಬಿಟ್ಟುಬಿಡುತ್ತೇನೆ! ಹೆಸರಿಗೆ ಕೊಂಢವಾದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ವಾಚಮನ್. ಆದರೆ ಅವನು ಕಾಯುತ್ತಿದ್ದದ್ದು ಸಿಮೆಂಟನ್ನಲ್ಲ, ಕೂಸುಗಳು ಬಾಯಿ ಬಿಡುವುದನ್ನು.

ಹಾಗಂದರೇನು ಅಂತೀರಾ? ನಾನು ಎರಡನೇ ಇಯತ್ತೆ ಕಲಿತವಳು, ಇದ್ದದ್ದನ್ನು ಇದ್ದ ಹಾಗೆ ಬರೆಯುವುದಷ್ಟೇ ಗೊತ್ತು.

ಹೆಂಡತಿ ಬದುಕಿರುವಾಗ ಆಕೆಯನ್ನು ‘ಏ’ ಬಿಟ್ಟು ಬೇರೆ ಹೆಸರಿನಿಂದ ಕರೆದವನಲ್ಲ. ಮೊಲೆ ಕುಡಿಯುವ ಕೂಸಿಗೆ ಮಾತ್ರ ‘ರೀ’ ಹಚ್ಚುತ್ತಿದ್ದ! "ಏನ್ರಿ ಸಾವ್ಕಾರ್ರ, ಊಟ ಆತೇನ್ರಿ?" ಎಂದು ಕೇಳಿ, ಕಿವಿಗೆ ಕೈ ಹಚ್ಚಿ ಉತ್ತರಕ್ಕೆ ಕಾಯುತ್ತಿದ್ದ. ಕೂಸು "ಆಂ" ಅಂದರೆ ಇವನೂ "ಆಂ". ಅದು ನಾಲಿಗೆ ಹೊರಹಾಕಿದರೆ ಇವನೂ ಹಾಕುವುದು. ತಂಬಾಕು ತಿಂದ ಆ ನಾಲಿಗೆ ನೋಡಿ ಕೂಸು ಹೆದರಬೇಕೋ ಬೇಡವೋ? ನಗುತ್ತಿತ್ತು!

ಒಮ್ಮೆ ಮುಕಾದಮ ಗೇಟಿನ ಹೊರಗೆ ಹಾರ್ನು ಹೊಡೆದು ಹೊಡೆದು ಸಾಕಾದ. ಇವನು ಕೂಲಿಯವಳೊಬ್ಬಳ ಕೂಸಿನ ಮುಂದೆ ಕುಂತವನು ತಿರುಗಿಯೂ ನೋಡದೆ ಕೈ ಎತ್ತಿದ: "ತಡಿ! ಅವರು ಮಾತಾಡಾಕತ್ತಾರ!" ಕೂಸಿಗೆ ಬಹುವಚನ, ಪಗಾರ ಕೊಡಿಸುವವನಿಗೆ ಏಕವಚನ. ಅವತ್ತಿನ ಹಾಜರಿ ಹೋಯಿತು.

ಇನ್ನೊಮ್ಮೆ ಬಸ್ಸಿನಲ್ಲಿ ಮರಾಠಿ ಹೆಂಗಸೊಬ್ಬಳ ಕೂಸಿನ ಜೊತೆ ಕನ್ನಡದಲ್ಲಿ ಶುರು ಹಚ್ಚಿಕೊಂಡ. "ಬಾಬಾ, ತ್ಯಾಲಾ ಕನ್ನಡ ಯೇತ್ ನಾಹೀ" ಅಂದಳು ಆಕೆ, ಅವನಿಗೆ ಕನ್ನಡ ಬರುವುದಿಲ್ಲ ಅಂತ. "ಮರಾಠಿ ತರೀ ಕುಠೇ ಯೇತೇ, ತಾಯಿ?" ಎಂದ ಇವನು. ಮರಾಠಿಯಾದರೂ ಎಲ್ಲಿ ಬರುತ್ತದೆ! ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟರಲ್ಲಿ ನಮ್ಮ ಸ್ಟಾಪು ಹಿಂದೆ ಹೋಯಿತು. ನಕ್ಕವರಲ್ಲಿ ಒಬ್ಬರೂ ನನ್ನ ಜೋಳದ ಚೀಲ ಹೊರಲಿಲ್ಲ.

ನಗೆ ಇಲ್ಲಿಗೆ ಸಾಕು. ನನ್ನ ಸೊಸೆ ಹಡೆದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮೊಲೆ ಕೊಡು ಅಂದರೆ ಕೊಡುತ್ತಿದ್ದಳು, ಕೂಸಿನ ಮುಖ ನೋಡುತ್ತಿರಲಿಲ್ಲ. ತಾಯತ ಕಟ್ಟಿಸಿದೆವು, ದವಾಖಾನೆಯ ಗುಳಿಗೆ ನುಂಗಿಸಿದೆವು. ಮಗ ಚಾಕಣದ ಫ್ಯಾಕ್ಟರಿಯಿಂದ ವಾರಕ್ಕೊಮ್ಮೆ ಬಂದು ತಲೆ ಮೇಲೆ ಕೈ ಹೊತ್ತು ಹೋಗುತ್ತಿದ್ದ. ಕಟ್ಟಡದ ಕೆಲಸದ ಹೆಂಗಸರೆಲ್ಲ ಮಾಡುವುದನ್ನೇ ನಾನೂ ಮಾಡಿದೆ: ಹಳೆ ಸೀರೆಯ ಜೋಳಿಗೆ ಕಟ್ಟಿ, ಅದಕ್ಕೊಂದು ಉದ್ದ ಹಗ್ಗ ಬಿಗಿದು, ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು, ದೂರದಿಂದಲೇ ರೊಟ್ಟಿ ಬಡಿಯುತ್ತ ತೂಗಿದೆ. ರೊಟ್ಟಿ ಮಾರಿ ಉಣ್ಣುವವಳಿಗೆ ಕೈ ಎಲ್ಲಿ ಬಿಡುವು? ಕೂಸು ಮೊದಮೊದಲು ಕಿರುಚಿತು, ಆಮೇಲೆ ಅಳುವುದನ್ನೇ ಬಿಟ್ಟಿತು. "ಭಾಳ ಶಾಣ್ಯಾ ಕೂಸು ಬಿಡ್ರಿ" ಎಂದು ನೆರೆಯವರು ಹೊಗಳಿದರು.

ಮೈದುನನೊಬ್ಬನೇ ಮುಖ ಗಂಟು ಹಾಕಿದ. "ವೈನಿ, ಇದು ಶಾಣ್ಯಾತನ ಅಲ್ರಿ. ಕರದ್ರ ಯಾರೂ ಬರಂಗಿಲ್ಲ ಅಂತ ಅದಕ್ಕ ತಿಳದದ."

"ಹಗ್ಗ ಎಳೀತೀನಲ್ಲೋ ಮಾರಾಯ!"

"ಹಗ್ಗಕ್ಕ ಮಾರಿ ಅದ ಏನ್ರಿ?"

ದಿನಾ ಡ್ಯೂಟಿ ಮುಗಿಸಿ ಬಂದವನೇ ಜೋಳಿಗೆಯ ಮುಂದೆ ಕೂರತೊಡಗಿದ. "ಏನ್ರಿ ಅಕ್ಕಾವ್ರ, ಊಟ ಆತೇನ್ರಿ?" ಕೂಸು ಅವನನ್ನು ದಾಟಿ ಮೇಲಿನ ತಗಡು ನೋಡುತ್ತಿತ್ತು. ಇವನು ಕಿವಿಗೆ ಕೈ ಹಚ್ಚಿ ಕಾಯುತ್ತಿದ್ದ. ಇತ್ತ ಗೋಡೆ ನೋಡುವ ಸೊಸೆ, ಅತ್ತ ತಗಡು ನೋಡುವ ಕೂಸು, ನಡುವೆ ಈ ಹುಚ್ಚ! ಇಂಥ ಮನೆ ನನಗೇ ಬೇಕಾಗಿತ್ತೇ?

"ಕಲ್ಲಿನ ಮುಂದ ಕುಂತೀಯಪಾ" ಎಂದೆ.

"ಕಲ್ಲಿನ ಮುಂದ ನೀವೂ ದಿನಾ ದೀಪ ಹಚ್ಚತೀರಲ್ರಿ ವೈನಿ!"

ನಾನು ರೊಟ್ಟಿ ಬಡಿಯಲು ಕುಂತೆ.

ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಕೂಸು ಅವನ ಮುಖ ನೋಡಿ "ಆಂ" ಅಂದಿತು. ಮನುಷ್ಯ ಗದ್ದಲ ಮಾಡಲಿಲ್ಲ. ಚಹಾ ತಂದ ನನಗೆ ಕೈ ಅಡ್ಡ ಹಿಡಿದ, ಅಷ್ಟೇ. "ತಡೀರಿ ವೈನಿ. ಅವರು ಮಾತಾಡಾಕತ್ತಾರ."

ಅಲ್ಲಿಗೆ ಎಲ್ಲ ಸುಖವಾಯಿತು ಅಂದುಕೊಂಡಿರಾ? ಸೊಸೆ ಎದ್ದಳು, ಕೆಲಸಕ್ಕೂ ಹೋದಳು. ಮನೆಗೆ ಬಂದರೆ ಈಗಲೂ ಅದೇ ಗೋಡೆ. ಬಿದ್ದರೂ ಬೆಚ್ಚಿದರೂ ಹುಡುಗಿ ಅಂಬೆಗಾಲಿಟ್ಟು ಹೋಗುತ್ತಿದ್ದದ್ದು ಮೈದುನನ ಬಳಿಗೆ. ದೇವರ ಕಣ್ಣಿಗೆ ಅದೂ ಚುಚ್ಚಿತು. ಈ ದೀಪಾವಳಿಯ ಮುಂದೆ ಅವನಿಗೆ ಲಕ್ವಾ ಹೊಡೆಯಿತು. ಅರ್ಧ ಮುಖ ಸತ್ತಿದೆ, ಮಾತು ಬಿದ್ದುಹೋಗಿದೆ. ಮರಳಿ ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಇಡೀ ಮನೆಯಲ್ಲಿ ಆ ಹುಡುಗಿಗೆ ಉತ್ತರ ಕೊಡುತ್ತಿದ್ದವನು ಒಬ್ಬ, ಅವನೂ ಗೋಡೆಯಾದ. ಇನ್ನು ಇದು ಮತ್ತೆ ತಗಡು ನೋಡುತ್ತ ಕೂರುವುದೇ ಸೈ ಎಂದು ನಾನು ಆಸೆ ಬಿಟ್ಟೆ.

ನಿನ್ನೆ ಅವನಿಗೆ ಗಂಜಿ ಒಯ್ದೆ. ಹುಡುಗಿ ಹಾಸಿಗೆಯ ಪಕ್ಕ ಕುಂತಿದ್ದಳು. ಈಗಷ್ಟೇ ತೊದಲುವ ಬಾಯಿ, ‘ಏನ್ರಿ’ ಅನ್ನಲು ಇನ್ನೂ ನಾಲಿಗೆ ಹೊರಳದು. "ಏಯಿ, ಊಟಾ?" ಎಂದು ಕೇಳಿ, ಕಿವಿಗೆ ಕೈ ಹಚ್ಚಿದಳು. ಅವನ ಸೊಟ್ಟ ಬಾಯಿಂದ ಜೊಲ್ಲು ಇಳಿಯಿತು. ಗಂಟಲಲ್ಲಿ ಏನೋ ಗೊರ ಗೊರ.

"ಏಳವ್ವ, ಅಜ್ಜಗ ಮಾತು ಬರಂಗಿಲ್ಲ" ಎಂದೆ.

ನನ್ನ ಕಡೆ ತಿರುಗಲೂ ಇಲ್ಲ. ಪುಟ್ಟ ಕೈ ಎತ್ತಿದಳು.

"ತಡಿ."

ಗಂಜಿ ಆರಿತು. ನಾನು ಬಟ್ಟಲು ಹಿಡಿದು ನಿಂತೇ ಇದ್ದೆ.