ಪದ್ಮಾಸನದಲ್ಲಿ ಮಗಳ ಬೀಳ್ಕೊಡುಗೆ

ಶಾಶ್ವತ ಸುಖವನ್ನು ಎಂಟು ದಿನಗಳಲ್ಲಿ ಸಂಪಾದಿಸಬೇಕೆಂದು ನಾನು ತೀರ್ಮಾನಿಸಿದೆ. ಎಂಟೇ ಏಕೆಂದರೆ, ಒಂಬತ್ತನೆಯ ದಿನ ನನ್ನ ಒಬ್ಬಳೇ ಮಗಳು ಗೌರಿ ಸಿರುಗುಪ್ಪದ ಗಂಡನ ಮನೆಗೆ ಹೊರಡುವವಳಿದ್ದಳು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಬಳ್ಳಾರಿಯ ಇಂಗ್ಲಿಷ್ ದೊರೆಗಳ ಕಚೇರಿಯಲ್ಲಿ ರಜೆ ಬೇಡಿ, ಕುರುಗೋಡಿನ ಗುಡ್ಡದಲ್ಲಿದ್ದ ಸನ್ಯಾಸಿಯೊಬ್ಬರ ಬಳಿ ಹೋದೆ. "ದುಃಖಕ್ಕ ಮೂಲ ಮೋಹ. ಚಿತ್ತ ಒಂದ ಕಡೆ ನಿಂತ್ರ ಸುಖ ತಾನ ಬರ್ತೈತಿ" ಎಂದರು. ಇಷ್ಟೇನಾ! ಅವರು ಇನ್ನೂ ಏನೋ ಹೇಳುವವರಿದ್ದರು. ನಾನು ಆಗಲೇ ಗಾಡಿ ಹತ್ತಿದ್ದೆ.

ಚಿತ್ತದ ಮಾತಿರಲಿ, ಕಾಲೇ ನಿಲ್ಲಲಿಲ್ಲ. ಪದ್ಮಾಸನ ಹಾಕಿದಷ್ಟು ಸಲವೂ ಬಿಚ್ಚಿಕೊಂಡಿತು. ಕೊನೆಗೆ, ಗೌರಿ ಹೊರಡುವ ದಿನ ಬೆಳಿಗ್ಗೆ, ಕಾಲುಗಳನ್ನು ಧೋತರದಿಂದ ಸೊಂಟಕ್ಕೆ ಸೇರಿಸಿ ಬಿಗಿದು, ಬೆನ್ನ ಹಿಂದೆ ಗಂಟು ಹಾಕಿ, ಮೌನವ್ರತ ತೊಟ್ಟು ಕಣ್ಣು ಮುಚ್ಚಿದೆ.

"ಏನ್ರಿ ಇದು? ಹುಡುಗಿಗೆ ಉಡಿ ತುಂಬಿದ್ದಾತು. ಏಳ್ರಿ!" ಎಂದಳು ಹೆಂಡತಿ ಪಾರ್ವತಿ. ನಾನು ಕಲ್ಲಾದೆ.

ನಮ್ಮಲ್ಲಿ ತಂದೆ ತಲೆಯ ಮೇಲೆ ಕೈಯಿಟ್ಟು 'ಹೋಗಿ ಬಾ' ಎಂದ ಮೇಲೆಯೇ ಮಗಳು ಹೊಸ್ತಿಲು ದಾಟುವುದು. ಗೌರಿ ಬಂದಳು. ನನ್ನ ಮೊಣಕಾಲಿಗೆ ಹಣೆ ಹಚ್ಚಿ, "ಅಪ್ಪಾ, ಹೋಗಿ ಬರ್ತೀನ್ರಿ" ಎಂದಳು. ಉಸಿರು ಬಿಗಿಹಿಡಿದೆ. "ಅಪ್ಪಾ..." ಎಂದಳು ಮತ್ತೆ. ಮೂರನೆಯ ಸಲ ಕರೆದರೆ ವ್ರತ ಹಾಳಾದರೂ ಸರಿ, ಕಣ್ಣು ತೆರೆಯುವುದೆಂದು ನಿಶ್ಚಯಿಸಿದೆ.

ಅವಳು ಮೂರನೆಯ ಸಲ ಕರೆಯಲಿಲ್ಲ!

"ರಾಹುಕಾಲ ಬರಾಕತ್ತೈತಿ, ಗಾಡಿ ಹತ್ತವ್ವಾ" ಎಂದರು ಬೀಗರು. ಎತ್ತುಗಳ ಗೆಜ್ಜೆ ಕೇಳಿಸಿತು. ನನ್ನ ಮೋಹವೆಲ್ಲ ಒಮ್ಮೆಲೇ ಎದ್ದು ನಿಂತಿತು, ನನಗೇ ಏಳಲಾಗಲಿಲ್ಲ. ತಿಣುಕಿದಷ್ಟೂ ಗಂಟು ಬಿಗಿಯಿತು. ಪಕ್ಕಕ್ಕೆ ಉರುಳಿ "ಗೌರೀ!" ಎಂದು ಅರಚಿದೆ. ಗೆಜ್ಜೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಗಾಡಿ ಕಳಿಸಿ ಒಳಬಂದ ಪಾರ್ವತಿ ಹಲ್ಲಿನಿಂದ ಗಂಟು ಬಿಚ್ಚಿದಳು. ಜೋಮು ಹಿಡಿದ ಕಾಲೆಳೆಯುತ್ತ ಬೀದಿಯ ತನಕ ತೆವಳಿದೆ. ಅಲ್ಲಿ ಧೂಳಷ್ಟೇ ಇತ್ತು. ಮಗಳ ಮುಖವನ್ನೂ ನೋಡಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

"ಆಕಿ ಹೋಗಿ ಬರ್ತೀನಿ ಅಂದ್ಲು. ನೀವು ಬಾ ಅನ್ಲಿಲ್ಲ" ಎಂದಳು ಪಾರ್ವತಿ. "ಇನ್ನ ಹ್ಯಾಂಗ ಬರ್ತಾಳ್ರಿ ಕೂಸು?"

ಈಗಲೂ ದಿನಾ ಜಗಲಿಯ ಮೇಲೆ ಯೋಗಕ್ಕೆ ಕೂರುತ್ತೇನೆ. ಕಾಲು ಕಟ್ಟುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಮುಖ ಸಿರುಗುಪ್ಪದ ದಾರಿಯ ಕಡೆಗೆ. ಗಾಡಿಯ ಗೆಜ್ಜೆ ಕೇಳಿದರೆ ಸಾಕು, ಎದ್ದು ನಿಲ್ಲುತ್ತೇನೆ. ಗುರುಗಳು ಹೇಳಿದಂತೆ ಚಿತ್ತ ಒಂದೇ ಕಡೆ ನಿಂತಿದೆ, ಒಂದಿಷ್ಟೂ ಕದಲುವುದಿಲ್ಲ. ಸುಖ ಮಾತ್ರ ಇನ್ನೂ ಬಂದಿಲ್ಲ!