ಚಿಕ್ಕಪ್ಪನ ಫೀಲ್ಡಿಂಗ್ ಸಿದ್ಧಾಂತ

ನಮ್ಮ ಚಿಕ್ಕಪ್ಪನ ನಾಯಕತ್ವದಲ್ಲಿ ಕ್ರಿಕೆಟ್ ಆಡಿದವನು ಸೈನ್ಯಕ್ಕೆ ಸೇರಿದರೂ ಸುಖವಾಗಿರುತ್ತಾನೆ! ಎಂಬತ್ತರ ದಶಕದ ಮಾತು. ಚಿನ್ನದ ಗಣಿಯೂರು ಉರಿಗಾಮಿನ ಮನೆಮನೆಗೆ ಹಾಲು ಹಾಕುತ್ತಿದ್ದ ಈ ಮಹಾಶಯ ಭಾನುವಾರ ಮೈದಾನಕ್ಕಿಳಿದರೆ ತಾನೂ ನಿಲ್ಲನು, ಇತರರನ್ನೂ ನಿಲ್ಲಗೊಡನು. ಓವರಿಗೊಮ್ಮೆ ನಮ್ಮನ್ನೆಲ್ಲ ಎತ್ತಂಗಡಿ ಮಾಡುತ್ತಿದ್ದ. ಫೀಲ್ಡಿಂಗಿನಲ್ಲಿ ನಿಂತ ಜಾಗವೇ ಆಮೇಲಿನ ಬ್ಯಾಟಿಂಗನ್ನು ನಿರ್ಧರಿಸುತ್ತದಂತೆ!

"ಅಸೂನ ಬ್ಯಾರೆ ಗೂಟಕ್ಕೆ ಕಟ್ಟಿ ನೋಡ್ಲಾ, ಆಲು ಕಮ್ಮಿ ಕೊಡ್ತದೆ."

"ಮತ್ತೆ ನನ್ನನ್ಯಾಕೆ ದಿನಾ ಬ್ಯಾರೆ ಗೂಟಕ್ಕೆ ಕಟ್ತೀಯ?"

"ನಿನ್ ಗೂಟ ಇನ್ನೂ ಸಿಕ್ಕಿಲ್ಲ ಕಣ್ಲಾ, ಉಡುಕ್ತಾ ಇದ್ದೀನಿ."

ಬೌಂಡರಿಯಲ್ಲಿ ನಿಂತು ಬಂದು ಸೊನ್ನೆಗೆ ಔಟಾದೆ. ಕಣ್ಣು ದೂರಕ್ಕೆ ಒಗ್ಗಿಹೋಗಿದೆ ಎಂದ. ಮುಂದಿನ ವಾರ ಬ್ಯಾಟ್ಸ್‌ಮನ್ನಿನ ಮೂಗಿನಡಿ ನಿಲ್ಲಿಸಿದ. ಮೊಣಕಾಲಿಗೆ ಪೆಟ್ಟು ಬಿತ್ತು, ಆಮೇಲೆ ಮತ್ತೆ ಸೊನ್ನೆ. ಸಿದ್ಧಾಂತ ಮಾತ್ರ ಔಟಾಗಲೇ ಇಲ್ಲ!

ಕದಲದೆ ಸ್ಲಿಪ್ಪಿನಲ್ಲೇ ಇರುತ್ತಿದ್ದವನು ನಮ್ಮಪ್ಪ ಒಬ್ಬನೇ. ಗಣಿಯ ದೂಳು ಎದೆಗಿಳಿದು, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತಿತ್ತು. ಉಳಿದಿದ್ದ ಖುಷಿಯೆಂದರೆ ಭಾನುವಾರದ ಆಟ. ಅದರಿಂದಲೂ ಅವನನ್ನು ಬಿಡಿಸಬೇಕೆಂದು ತಂಡದವರು ಗೊಣಗುತ್ತಿದ್ದರು.

"ಸ್ಲಿಪ್ಪಲ್ಲಿ ಅಳ್ಳಾಡ್ದೆ ನಿಂತೋನ್ಗೇ ಬ್ಯಾಟು ಕುದುರೋದು," ಎಂದು ಚಿಕ್ಕಪ್ಪ ಅವರ ಬಾಯಿ ಮುಚ್ಚಿಸುತ್ತಿದ್ದ.

ಒಮ್ಮೆ ಬಂಗಾರಪೇಟೆಯವರ ಮೇಲೆ ಪಂದ್ಯ. ಗೆಲ್ಲಲು ಎರಡೇ ರನ್ನು ಬೇಕಿತ್ತು, ಉಳಿದಿದ್ದ ಕೊನೆಯ ಆಟಗಾರ ಅಪ್ಪ. "ಅಣ್ಣ ಒಡೀಲಿ, ನಾ ಓಡ್ತೀನಿ," ಎಂದು ಚಿಕ್ಕಪ್ಪ ರನ್ನರ್ ಆಗಿ ಪಕ್ಕದಲ್ಲಿ ನಿಂತ. ನಿಂತನೇ? ಕುದಿಯುವ ಎಸರಿನ ಹಾಗೆ ಕುಣಿಯುತ್ತಿದ್ದ! ಅಪ್ಪ ಚೆಂಡನ್ನು ಕಾಲ ಬುಡದಲ್ಲೇ ತಡೆದ. ಅಷ್ಟರಲ್ಲಿ ಚಿಕ್ಕಪ್ಪ ಅರ್ಧ ದಾರಿ ಓಡಿಬಿಟ್ಟಿದ್ದ. ಕೀಪರ್ ಚೆಂಡೆತ್ತಿಕೊಂಡು ಸಾವಧಾನವಾಗಿ ವಿಕೆಟ್ ಬೀಳಿಸಿದ. ಸೋತೆವು.

ಅಪ್ಪ ಬ್ಯಾಟಿಗೆ ಒರಗಿ, ಉಸಿರು ಸಿಕ್ಕಷ್ಟೂ ನಕ್ಕ. "ನಂಗೆ ಓಡಾಕಾಗಲ್ಲ, ನಿಂಗೆ ನಿಲ್ಲಾಕಾಗಲ್ಲ. ಒಳ್ಳೆ ಜೋಡಿ ಕಣ್ಲಾ."

ಮನೆಗೆ ಹಿಂದಿರುಗುವಾಗ ನಾನು ಚಿಕ್ಕಪ್ಪನನ್ನು ರೇಗಿಸಿದೆ. "ಎಲ್ಲೋಯ್ತು ನಿನ್ ಸಿದ್ಧಾಂತ?"

ಅವನು ಸೈಕಲ್ ನಿಲ್ಲಿಸಿದ. "ಸಿದ್ಧಾಂತ ಎಂಥದ್ಲಾ. ‘ನಿನ್ ಕೈಲಿ ಆಗಲ್ಲ’ ಅಂದ್ರೆ ಅಣ್ಣ ಮನೇಲೇ ಕುಂತ್ಬುಡ್ತಾನೆ. ಅವನೊಬ್ಬನ್ನ ಮಾತ್ರ ಒಂದ್ಕಡೆ ನಿಲ್ಸಿದ್ರೆ ಯಾಕಂತ ಅವನ್ಗೇ ಗೊತ್ತಾಯ್ತದೆ. ಅದ್ಕೇ ನಿಮಗೆಲ್ಲ ಒಂದೊಂದು ಜಾಗ ಉಡುಕೋ ನಾಟ್ಕ."

ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಮುಂದಿನ ಭಾನುವಾರ ಅವನು ಕೈ ತೋರಿಸುವ ಮೊದಲೇ ನಾನು ಅಪ್ಪನ ಬೆನ್ನ ಹಿಂದಿನ ಬೌಂಡರಿಗೆ ಓಡಿದೆ. ಅಪ್ಪನ ಕೈತಪ್ಪಿದ ಚೆಂಡು ಬರುತ್ತಿದ್ದುದು ಅಲ್ಲಿಗೇ.