ಗಿರಣಿಯ ಮೊದಲ ಹಿಟ್ಟು

ಮೊಮ್ಮಗಳು ಬಂದ ಮೇಲೆ ನನಗೆ ಬುದ್ಧಿ ಕಡಿಮೆಯಾಗಿದೆ ಎಂದು ನೇಸರಗಿಯ ನಮ್ಮ ಓಣಿಯವರು ಹೇಳುತ್ತಾರೆ. ಮೊದಲೇನು ಹೆಚ್ಚಿತ್ತು? ಸಾಲಿ ಕಲಿತದ್ದು ಮೂರನೆಯ ಇಯತ್ತೆ. ಆದರೆ ಏಳು ತಿಂಗಳ ಕೂಸು ಬೊಚ್ಚುಬಾಯಿ ತೆರೆದು ನಕ್ಕರೆ, ಅರ್ಧ ಹಲ್ಲು ಉದುರಿದ ನಾನು ನಗದೆ ಏನು ಮಾಡಲಿ? ಆ ಖುಷಿಯಲ್ಲೇ ಮಾತು ಕೊಟ್ಟು ಸಿಕ್ಕಿಬಿದ್ದೆ. ಮಗಳು ಗೌರವ್ವ ಕೂಸಿಗೆ ಅಂಗಡಿಯ ಡಬ್ಬಿ ಹಿಟ್ಟು ತರುತ್ತೇನೆಂದಳು. "ಡಬ್ಬಿ ಯಾಕವ್ವಾ? ನಿಮ್ಮವ್ವ ನಿನಗ ರಾಗಿ ಮೊಳಕಿ ಕಟ್ಟಿ ಗಂಜಿ ಕುಡಿಸಿದ್ಲು. ನಾ ಮಾಡ್ತೇನಿ" ಎಂದೆ. "ಅವ್ವಗ ಬರ್ತಿತ್ತಪಾ. ನಿನಗ ನೀರ ಕಾಸಾಕೂ ಬರೂದಿಲ್ಲ. ಕೂಸು ಉಗುಳಿದ್ರ ಡಬ್ಬೀನ ತರೂದು, ನೋಡು" ಎಂದಳು. ಅವಳ ಅವ್ವ, ನಮ್ಮ ಬಸವ್ವ, ಹೋಗಿ ವರ್ಷವಾಯಿತು. ಮೊಮ್ಮಗಳ ಮುಖ ನೋಡಲಿಲ್ಲ.

ರಾಗಿ ನೆನೆಹಾಕಿ, ಬಸವ್ವನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದೆ. ತಾಸಿಗೊಮ್ಮೆ ಬಿಚ್ಚಿ ನೋಡಿದೆ. ಮೊಳಕೆ ಬಂದಾಗ ಓಣಿಗೆಲ್ಲ ತೋರಿಸಿದೆ. ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು ಗಿರಣಿಗೆ ಒಯ್ದೆ. "ಮೊಮ್ಮಗಳದು, ಮೊಮ್ಮಗಳದು" ಎನ್ನುತ್ತ ಪಾಳಿ ಮುರಿದು ಮುಂದೆ ನಿಂತೆ. ಹೆಂಗಸರು ನಕ್ಕು ಬಿಟ್ಟುಕೊಟ್ಟರು. ಮನೆಗೆ ಬಂದು ಹಿಟ್ಟು ಸೋಸಿ ಗಂಜಿ ಕಾಸಿ ಒಂದು ಚಮಚ ಬಾಯಿಗಿಟ್ಟರೆ, ಕೂಸು ಮುಖ ಹಿಂಡಿ ನನ್ನ ಅಂಗಿಯ ಮೇಲೆಯೇ ಉಗುಳಿತು. ನೆಕ್ಕಿ ನೋಡಿದೆ. ಕಹಿ!

ಜಗಳಕ್ಕೆಂದೇ ಮತ್ತೆ ಗಿರಣಿಗೆ ಹೋದೆ. ಗಿರಣಿಯ ನೀಲವ್ವ ಸೊಂಟದ ಮೇಲೆ ಕೈಯಿಟ್ಟಳು. "ಕಾಕಾ, ನಿಮ್ಮದಕ್ಕಿಂತ ಮೊದ್ಲ ಮೆಂತ್ಯೆ ಬೀಸಿದ್ದೆ. ಕಲ್ಲಿಗೆ ಹತ್ತಿದ್ದು ನಿಮ್ಮ ಹಿಟ್ಟಿನ್ಯಾಗ ಬರದ ಎಲ್ಲಿ ಹೊಕ್ಕೇತಿ? ಬಸವ್ವ ಕಾಕು ಶಾಣ್ಯಾಕಿ ಇದ್ಲು. ನಾ ಹೊಸಾ ಸೊಸಿ ಇದ್ದಾಗ ನೋಡೇನಿ, ಮೊದ್ಲ ನಿಮ್ಮ ಜ್ವಾಳಾ ಹಾಕಸಾಕಿ, ಕಲ್ಲ ಸ್ವಚ್ಛ ಆದಮ್ಯಾಲ ಗೌರವ್ವನ ರಾಗಿ."

"ನನ್ನ ಜ್ವಾಳಾ?"

"ಮತ್ತ? 'ಅವರು ಹೆಂಗೂ ಬೈಕೋತ ತಿಂತಾರ, ಕೂಸಿಗೆ ಬೈಯಾಕ ಬರೂದಿಲ್ಲ' ಅಂತಿದ್ಲು."

ಪಾಳಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ಗೌರವ್ವ ಕೂಸಾಗಿದ್ದಾಗ ನನ್ನ ರೊಟ್ಟಿ ಒಮ್ಮೆ ಕಹಿ, ಒಮ್ಮೆ ಖಾರ. ತಾಟು ದೂಡಿ ಎದ್ದದ್ದೂ ಉಂಟು. ಆಗ ಬಸವ್ವ ಹೇಳುತ್ತಿದ್ದುದು ಒಂದೇ ಮಾತು: "ನಿಮ್ಮ ನಾಲಿಗಿ ಕೆಟ್ಟೈತಿ. ಸುಮ್ನ ತಿನ್ರಿ."

ಮತ್ತೆ ಮೊಳಕೆ ಕಟ್ಟಿದೆ. ಈ ಸಲ ಗಿರಣಿಯಲ್ಲಿ ನನ್ನ ಜೋಳ ಮುಂದೆ, ರಾಗಿ ಹಿಂದೆ. ಕೂಸು ಬಟ್ಟಲು ಖಾಲಿ ಮಾಡಿ ಇನ್ನೂ ಬೇಕೆಂದು ಕೈ ಬಡಿಯಿತು. ಗೌರವ್ವ ಡಬ್ಬಿಯ ಸುದ್ದಿ ಬಿಟ್ಟಳು. ನಾನು ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಓಣಿಯ ತುಂಬ ಕುಣಿದು ಬಂದೆ. ಮಧ್ಯಾಹ್ನ ಆ ಜೋಳದ ರೊಟ್ಟಿ ನನ್ನ ತಾಟಿಗೆ ಬಂತು. ಒಂದು ತುತ್ತು ತಿಂದು, ಹಳೆಯ ರೂಢಿಯಂತೆ ಅಡುಗೆಮನೆಯ ಕಡೆಗೆ "ರೊಟ್ಟಿ ಕಹಿ ಆಗೇತಿ!" ಎಂದು ಕೂಗಿದೆ. ಬಸವ್ವನ ಮರುಮಾತಿಗೆ ಕಾದೆ. ಆಮೇಲೆ ಸುಮ್ಮನೆ ತಿಂದೆ.